ರುಡಾಲ್ಫ್ ಡೀಸೆಲ್: ಬೋಟಿನ ಎಂಜಿನ್ನಿಗೆ ಹೆಸರಾದ ಮನುಷ್ಯ

ಎಂಟನೇ ತರಗತಿಯ ‘ದಹನ ಮತ್ತು ಜ್ವಾಲೆ’ ಪಾಠದಲ್ಲಿ ಜ್ವಲನ ತಾಪ ಎಂಬ ಪರಿಕಲ್ಪನೆ ಬರುತ್ತದೆ. ಬೋಧನಾಭ್ಯಾಸಕ್ಕೆ ನನ್ನನ್ನು ನಿಯೋಜಿಸಿದ್ದ ಶಾಲೆ ಕರಾವಳಿಯ ಒಂದು ಮೀನುಗಾರಿಕಾ ಬಂದರಿನ ಹತ್ತಿರ ಇದೆ. ತರಗತಿಯ ಬಹಳಷ್ಟು ಮಕ್ಕಳ ಮನೆಯವರು ಬೋಟಿಗೆ ಹೋಗುವವರು. ಜೂನ್ ಮತ್ತು ಜುಲೈ ತಿಂಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಎಂಜಿನ್ ಬಿಚ್ಚಿ ರಿಪೇರಿ ಮಾಡುವುದನ್ನು ಮಕ್ಕಳು ನೋಡಿರುತ್ತಾರೆ. ಈ ಪೂರ್ವಜ್ಞಾನವನ್ನು ಬಳಸಿಕೊಂಡು, ಪಾಠಕ್ಕೆ ಪೂರಕವಾಗಿ ರುಡಾಲ್ಫ್ ಡೀಸೆಲ್ ಅವರ ಜೀವನವನ್ನು ಒಂದು ಅವಧಿಯಲ್ಲಿ ಹೇಳಿದೆ. ಎಣ್ಣೆಯ ಹೆಸರಿನೊಂದಿಗೆ ಗೊಂದಲವಾಗದಿರಲೆಂದು ಅವರನ್ನು ರುಡಾಲ್ಫ್ ಎಂದೇ ಕರೆದೆ. ಇಲ್ಲಿಯೂ ಹಾಗೆಯೇ ಬರೆದಿದ್ದೇನೆ.

ಬಾಲ್ಯ ಮತ್ತು ಓದು

ರುಡಾಲ್ಫ್ ಅವರು 1858ರ ಮಾರ್ಚ್ 18ರಂದು ಪ್ಯಾರಿಸ್ಸಿನಲ್ಲಿ ಹುಟ್ಟಿದರು. ತಂದೆ ತಾಯಿ ಜರ್ಮನ್ ಮೂಲದವರು. ತಂದೆಯದು ಚರ್ಮದ ಸಾಮಾನು ತಯಾರಿಸುವ ಕಸುಬು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧವಾದಾಗ ಜರ್ಮನ್ನರಾದ ಅವರು ಪ್ಯಾರಿಸ್ ಬಿಟ್ಟು ಲಂಡನ್ನಿಗೆ ಹೋಗಬೇಕಾಯಿತು. ಅಲ್ಲಿ ಬದುಕು ಕಷ್ಟವಾಗಿ, ಹನ್ನೆರಡು ವರ್ಷದ ಮಗನನ್ನು ಜರ್ಮನಿಯ ಆಗ್ಸ್‌ಬರ್ಗ್ ಊರಿನ ಬಂಧುಗಳ ಮನೆಗೆ ಕಳುಹಿಸಿದರು. ಆ ಮನೆಯ ಯಜಮಾನರು ಗಣಿತದ ಶಿಕ್ಷಕರು. ಅವರ ಆಶ್ರಯದಲ್ಲಿ ಓದಿದ ರುಡಾಲ್ಫ್ ಹದಿನಾಲ್ಕನೇ ವಯಸ್ಸಿಗೇ ಎಂಜಿನಿಯರ್ ಆಗಬೇಕೆಂದು ನಿಶ್ಚಯಿಸಿದ್ದರು.

1875ರಲ್ಲಿ ವಿದ್ಯಾರ್ಥಿವೇತನ ಪಡೆದು ಮ್ಯೂನಿಕ್ಕಿನ ಪಾಲಿಟೆಕ್ನಿಕ್ ಸೇರಿದರು. 1879ರ ಪರೀಕ್ಷೆಯ ಹೊತ್ತಿಗೆ ವಿಷಮಶೀತ ಜ್ವರ ಬಂದು ಪರೀಕ್ಷೆ ತಪ್ಪಿತು. ಮರುವರ್ಷದ ಆರಂಭದಲ್ಲಿ ಬರೆದು ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾದರು. ಅಲ್ಲಿ ಅವರಿಗೆ ಉಷ್ಣಶಾಸ್ತ್ರ ಕಲಿಸಿದವರು ಶೈತ್ಯಯಂತ್ರಗಳಿಗೆ ಹೆಸರಾದ ಕಾರ್ಲ್ ಫಾನ್ ಲಿಂಡೆ. ಅಂದಿನ ಸಾಮಾನ್ಯ ಉಗಿಯಂತ್ರವು ಇದ್ದಿಲಿನಿಂದ ಸಿಗುವ ಶಾಖದಲ್ಲಿ ಹತ್ತನೇ ಒಂದು ಭಾಗವನ್ನೂ ಕೆಲಸವಾಗಿಸುವುದಿಲ್ಲ ಎಂದು ಲಿಂಡೆ ತರಗತಿಯಲ್ಲಿ ವಿವರಿಸಿದರು. ಉಳಿದ ಶಾಖವನ್ನು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ಆ ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕದ ಅಂಚಿಗೆ ಬಂತು. ಅಲ್ಲಿಂದ ಮುಂದೆ ಅದು ಅವರನ್ನು ಬಿಡಲಿಲ್ಲ.

ನಾಲ್ಕು ವರ್ಷಗಳ ಪ್ರಯೋಗ

ಓದಿನ ನಂತರ ಲಿಂಡೆಯವರ ಶೈತ್ಯಯಂತ್ರಗಳ ಕೆಲಸದಲ್ಲಿ ಪ್ಯಾರಿಸ್ಸಿನಲ್ಲೂ ಆಮೇಲೆ ಬರ್ಲಿನ್ನಿನಲ್ಲೂ ದುಡಿದರು. ಉಗಿಯ ಬದಲು ಅಮೋನಿಯಾ ಆವಿಯಿಂದ ಎಂಜಿನ್ ನಡೆಸುವ ಪ್ರಯತ್ನ ಫಲ ಕೊಡಲಿಲ್ಲ. 1892ರಲ್ಲಿ ಹೊಸ ಆಲೋಚನೆಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದರು. ಸೈಕಲ್ ಪಂಪಿನಿಂದ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮಕ್ಕಳು ಬಲ್ಲರು. ಗಾಳಿಯನ್ನು ಅದಕ್ಕಿಂತ ಬಹಳ ಹೆಚ್ಚು ಒತ್ತಿದರೆ ಅದರ ತಾಪ ಇಂಧನದ ಜ್ವಲನ ತಾಪವನ್ನು ದಾಟುತ್ತದೆ. ಆ ಕ್ಷಣದಲ್ಲಿ ಇಂಧನವನ್ನು ಒಳಗೆ ಬಿಟ್ಟರೆ ಕಿಡಿಯಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದಿರುವುದು ಇದೇ ಕಾರಣಕ್ಕೆ.

ಕಾಗದದ ಮೇಲೆ ಇದು ಸುಲಭ. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆ ಜಾಗ ಕೊಟ್ಟಿತು, ಕ್ರುಪ್ ಕಂಪನಿಯೂ ಹಣ ಹೂಡಿತು. 1893ರ ಆಗಸ್ಟ್ 10ರಂದು ಮೊದಲ ಎಂಜಿನ್ನಿಗೆ ಇಂಧನ ಬಿಟ್ಟಾಗ ಸ್ಫೋಟವಾಗಿ ಒತ್ತಡ ಅಳೆಯುವ ಸಾಧನವೇ ಒಡೆದುಹೋಯಿತು. ಇಂಧನ ತಾನಾಗಿಯೇ ಹೊತ್ತುತ್ತದೆ ಎಂಬುದು ಸಾಬೀತಾಯಿತು, ಆದರೆ ಎಂಜಿನ್ ಓಡಲಿಲ್ಲ. 1894ರ ಫೆಬ್ರವರಿ 17ರಂದು ಅದು ತನ್ನ ಬಲದಿಂದ ಸುಮಾರು ಒಂದು ನಿಮಿಷ, ನಿಮಿಷಕ್ಕೆ 88 ಸುತ್ತಿನಂತೆ ತಿರುಗಿತು. ಸರಿಯಾಗಿ ಮೂರು ವರ್ಷಗಳ ನಂತರ, 1897ರ ಫೆಬ್ರವರಿ 17ರಂದು, ಪ್ರೊಫೆಸರ್ ಮೊರಿಟ್ಸ್ ಶ್ರೋಟರ್ ಅವರು ಸುಧಾರಿತ ಎಂಜಿನ್ನನ್ನು ಪರೀಕ್ಷಿಸಿದಾಗ ಅದರ ದಕ್ಷತೆ 26.2 ಪ್ರತಿಶತ ಇತ್ತು. ಆ ಎಂಜಿನ್ ಈಗ ಮ್ಯೂನಿಕ್ಕಿನ ವಸ್ತುಸಂಗ್ರಹಾಲಯದಲ್ಲಿದೆ.

ಈ ಮಧ್ಯದ ವರ್ಷಗಳನ್ನು ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ನಾನು ಮಾತ್ರ ಇಲ್ಲಿಯೇ ಹೆಚ್ಚು ಹೊತ್ತು ನಿಂತೆ. ಪಿಸ್ಟನ್ನಿನ ಪಕ್ಕದಿಂದ ಗಾಳಿ ಸೋರುತ್ತಿತ್ತು, ವಾಲ್ವ್ ಸರಿಯಾಗಿ ಕೂರುತ್ತಿರಲಿಲ್ಲ, ಇಂಧನವನ್ನು ಹೊಗೆಯಂತೆ ಸಣ್ಣದಾಗಿ ಸಿಂಪಡಿಸುವುದು ಆಗುತ್ತಿರಲಿಲ್ಲ. ಕೊನೆಗೆ ಅಧಿಕ ಒತ್ತಡದ ಗಾಳಿಯ ಸಹಾಯದಿಂದ ಇಂಧನ ಸಿಂಪಡಿಸಿದರು. ತಮ್ಮ ಪೇಟೆಂಟಿನಲ್ಲಿ ಹೇಳಿದ್ದ ದಹನದ ಕ್ರಮವನ್ನೂ ಅವರು ಬದಲಿಸಬೇಕಾಯಿತು. ಹಳೆಯ ಬೋಟ್ ಎಂಜಿನ್ನನ್ನು ಮತ್ತೆ ಚಾಲೂ ಮಾಡುವ ಮೆಕ್ಯಾನಿಕ್ ಇಂದಿಗೂ ನೋಡುವುದು ಇವನ್ನೇ: ಪಿಸ್ಟನ್ ರಿಂಗ್ ಸವೆದಿದೆಯೇ, ವಾಲ್ವ್ ಬಿಗಿಯಾಗಿ ಕೂರುತ್ತದೆಯೇ, ನಾಝಲ್ ಸರಿಯಾಗಿ ಸಿಂಪಡಿಸುತ್ತದೆಯೇ. ಕಂಪ್ರೆಷನ್ ಹೋದರೆ ಎಂಜಿನ್ ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲವೆಂದು ಹಿಂದಿನ ಬೆಂಚಿನ ಒಬ್ಬ ಹುಡುಗ ತಾನಾಗಿಯೇ ಹೇಳಿದ. ಕಾರಣವೇನೆಂದು ಕೇಳಿದೆ. ಗಾಳಿ ಸಾಕಷ್ಟು ಬಿಸಿಯಾಗದು, ಎಣ್ಣೆಯ ಜ್ವಲನ ತಾಪ ಮುಟ್ಟದು ಎಂಬ ಉತ್ತರವನ್ನು ಇಡೀ ತರಗತಿ ಸೇರಿ ಕಟ್ಟಿತು. ನನ್ನ ಪಾಠದ ಉದ್ದೇಶ ಈಡೇರಿದ್ದು ಅಲ್ಲಿ.

ನೀರಿಗಿಳಿದ ಎಂಜಿನ್

ದೊಡ್ಡ ಬಂಡವಾಳವಿಲ್ಲದ ಸಣ್ಣ ಕುಶಲಕರ್ಮಿಗಳಿಗೂ ಸ್ವಂತ ಯಂತ್ರಶಕ್ತಿ ಸಿಗಬೇಕೆಂಬುದು ರುಡಾಲ್ಫ್ ಅವರ ಆಸೆ. ಆದರೆ ಮೊದಲ ಎಂಜಿನ್ನುಗಳು ಆಳೆತ್ತರ ಮೀರಿದ, ಬಹಳ ಭಾರದ ಯಂತ್ರಗಳು. ಆ ಭಾರ ಹಡಗಿಗೆ ಹೊರೆಯಾಗಲಿಲ್ಲ. 1903ರಲ್ಲಿ ಫ್ರಾನ್ಸಿನ ಕಾಲುವೆ ದೋಣಿಯೊಂದರಲ್ಲೂ ರಷ್ಯಾದ ‘ವಂದಾಲ್’ ಎಂಬ ಎಣ್ಣೆ ಸಾಗಿಸುವ ಹಡಗಿನಲ್ಲೂ ಅದು ಕೆಲಸಕ್ಕೆ ಬಂತು. ಆ ಎಂಜಿನ್ ಹಿಮ್ಮುಖವಾಗಿ ತಿರುಗುತ್ತಿರಲಿಲ್ಲ. ಹಾಗಾಗಿ ವಂದಾಲ್‌ನಲ್ಲಿ ಎಂಜಿನ್ನಿನಿಂದ ವಿದ್ಯುತ್ ಉತ್ಪಾದಿಸಿ, ಆ ವಿದ್ಯುತ್ತಿನಿಂದ ಪ್ರೊಪೆಲ್ಲರ್ ತಿರುಗಿಸಿದರು.

ಹಳೆಯ ಹಡಗಿಗೆ ಡೀಸೆಲ್ ಎಂಜಿನ್ ಕೂರಿಸಿದ ಪ್ರಸಿದ್ಧ ಉದಾಹರಣೆ ನಾರ್ವೆಯ ‘ಫ್ರಾಮ್’. 1892ರಲ್ಲಿ ನೀರಿಗಿಳಿದ ಈ ಮರದ ಹಡಗಿನಲ್ಲಿ ಮೊದಲು ಉಗಿಯಂತ್ರವಿತ್ತು. ರೋಆಲ್ಡ್ ಅಮುಂಡ್ಸೆನ್ 1910ರಲ್ಲಿ ದಕ್ಷಿಣ ಧ್ರುವದತ್ತ ಹೊರಡುವ ಮುನ್ನ ಅದನ್ನು ತೆಗೆದು, ಸ್ವೀಡನ್ನಿನಲ್ಲಿ ತಯಾರಾದ 180 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಅಳವಡಿಸಲಾಯಿತು. ಇದ್ದಿಲಿನ ರಾಶಿ ಬೇಡ, ಬೆಂಕಿಗೆ ಇದ್ದಿಲು ಹಾಕುವ ಆಳುಗಳು ಬೇಡ, ಬಾಯ್ಲರ್ ಬಿಸಿಯಾಗುವವರೆಗೆ ಕಾಯುವುದೂ ಬೇಡ. ಫ್ರಾಮ್ ಇಂದು ಆಸ್ಲೋದಲ್ಲಿ ಸಂರಕ್ಷಿತವಾಗಿದೆ. 1912ರಲ್ಲಿ ಡೆನ್ಮಾರ್ಕಿನ ‘ಸೆಲಾಂಡಿಯಾ’ ಎಂಬ ದೊಡ್ಡ ಹಡಗು ಡೀಸೆಲ್ ಬಲದಿಂದಲೇ ಬ್ಯಾಂಕಾಕಿನವರೆಗೆ ಪಯಣಿಸಿತು.

ಕೊನೆಯ ಪಯಣ

ಎಂಜಿನ್ ಗೆದ್ದಿತು, ಮನುಷ್ಯ ದಣಿದಿದ್ದರು. ಪೇಟೆಂಟಿನ ತಕರಾರುಗಳು, ಕೆಟ್ಟ ಆರೋಗ್ಯ, ಹೂಡಿದ ಹಣದ ನಷ್ಟ ಎಲ್ಲವೂ ಸೇರಿದ್ದವು. 1913ರ ಸೆಪ್ಟೆಂಬರ್ 29ರ ಸಂಜೆ ಅವರು ಬೆಲ್ಜಿಯಮ್ಮಿನ ಆಂಟ್ವರ್ಪ್‌ನಲ್ಲಿ ಇಂಗ್ಲೆಂಡಿಗೆ ಹೋಗುವ ‘ಡ್ರೆಸ್ಡೆನ್’ ಎಂಬ ಉಗಿಹಡಗು ಹತ್ತಿದರು. ರಾತ್ರಿ ಊಟ ಮುಗಿಸಿ ಕೋಣೆಗೆ ಹೋದವರು ಬೆಳಗ್ಗೆ ಅಲ್ಲಿರಲಿಲ್ಲ. ಹಾಸಿಗೆಯಲ್ಲಿ ಮಲಗಿದ ಗುರುತಿರಲಿಲ್ಲ. ಸುಮಾರು ಹತ್ತು ದಿನಗಳ ಬಳಿಕ ಡಚ್ ದೋಣಿಯೊಂದರವರಿಗೆ ಸಮುದ್ರದಲ್ಲಿ ಒಂದು ಶವ ಕಂಡಿತು. ಅವರು ಜೇಬಿನ ವಸ್ತುಗಳನ್ನಷ್ಟೇ ತೆಗೆದುಕೊಂಡು ಶವವನ್ನು ಕಡಲಿಗೇ ಬಿಟ್ಟರು. ಆ ವಸ್ತುಗಳು ತಂದೆಯವೆಂದು ಮಗ ಯೂಜೆನ್ ಗುರುತಿಸಿದರು.

ಈ ಭಾಗವನ್ನು ತರಗತಿಯಲ್ಲಿ ಹೇಳಬೇಕೇ ಎಂಬ ಪ್ರಶ್ನೆ ಬಂತು. ಕಡಲಿಗೆ ಹೋದ ತಂದೆ ಮರಳಿ ಬಾರದ ಒಬ್ಬ ಹುಡುಗಿ ಆ ತರಗತಿಯಲ್ಲಿದ್ದಾಳೆಂದು ಮಾರ್ಗದರ್ಶಕ ಶಿಕ್ಷಕರು ಮೊದಲೇ ತಿಳಿಸಿದ್ದರು. ಬಿಟ್ಟುಬಿಡುವುದು ಒಳ್ಳೆಯದೆಂಬುದು ಅವರ ಅಭಿಪ್ರಾಯ. ಹಿಂದಿನ ದಿನ ನಾವಿಬ್ಬರೂ ಹುಡುಗಿಯನ್ನು ಕರೆದು ಕಥೆಯ ಕೊನೆ ಹೀಗಿದೆ, ನಿನಗೆ ಬೇಡವಾದರೆ ಹೇಳುವುದಿಲ್ಲ ಎಂದು ತಿಳಿಸಿದೆವು. ಹೇಳಬಹುದು ಎಂದಳು. ನಾನು ಖಚಿತವಾಗಿ ಗೊತ್ತಿರುವುದನ್ನಷ್ಟೇ ಹೇಳಿದೆ. ಆತ್ಮಹತ್ಯೆ, ಕೊಲೆ, ಆಕಸ್ಮಿಕ ಎಂದು ಜನ ನೂರು ವರ್ಷದಿಂದ ಊಹಿಸುತ್ತಿದ್ದಾರೆ. ಯಾವುದಕ್ಕೂ ಪೂರ್ಣ ಸಾಕ್ಷ್ಯವಿಲ್ಲವೆಂದು ಹೇಳಿ, ಊಹೆಗಳನ್ನು ವಿವರಿಸದೆ ನಿಲ್ಲಿಸಿದೆ. ಆ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: ಮನೆಯವರಿಗೆ ಆ ವಸ್ತುಗಳು ಸಿಕ್ಕಿದವೇ? ಮಗನ ಕೈ ಸೇರಿದವು ಎಂದೆ.

ಸಹಪ್ರಶಿಕ್ಷಣಾರ್ಥಿಗಳಿಗೆ

ವಿಜ್ಞಾನಿಯ ಜೀವನ ಹೇಳುವಾಗ ಹುಟ್ಟು, ಸಂಶೋಧನೆ, ಪ್ರಶಸ್ತಿ ಎಂಬ ಅನುಕ್ರಮಕ್ಕೆ ನಾವು ಒಗ್ಗಿಹೋಗಿದ್ದೇವೆ. 1893 ಮತ್ತು 1897ರ ನಡುವಿನ ವರ್ಷಗಳಂಥವಕ್ಕೆ ಪಾಠ ಯೋಜನೆಯಲ್ಲಿ ಕನಿಷ್ಠ ಹತ್ತು ನಿಮಿಷ ಇಡಿ. ಒಂದು ಸೈಕಲ್ ಪಂಪ್ ಒಯ್ಯಿರಿ. ಕೊನೆಗೆ ಕಪ್ಪುಹಲಗೆಯ ಮೇಲೆ ಎರಡು ಕಾಲಂ ಎಳೆದು, ಕೇಳಿದ ಕಥೆಯಲ್ಲಿ ಗೊತ್ತಿರುವುದು ಯಾವುದು, ಊಹೆ ಯಾವುದು ಎಂದು ಮಕ್ಕಳಿಂದಲೇ ಬರೆಸಿ. ಸಾಕ್ಷ್ಯವಿರುವಲ್ಲಿ ಹೇಳುವುದು, ಇಲ್ಲದಿರುವಲ್ಲಿ ನಿಲ್ಲುವುದು ವಿಜ್ಞಾನದ ಶಿಸ್ತು. ಒಬ್ಬ ಮನುಷ್ಯನ ಸಾವಿನ ಬಗ್ಗೆ ಮಾತಾಡುವಾಗ ಅದು ಮರ್ಯಾದೆಯೂ ಹೌದು.