ಹಳಕಟ್ಟಿಯವರು ಮೂಲ ಹುಡುಕಿದ್ದು ಒಂದೇ ಮನೆಯಲ್ಲಲ್ಲ

ಕಾಲುವೆ ತೋಡಿದರೆ ಸಾಲದು, ಮೇಲಿನಿಂದ ನೀರು ಬಿಡಬೇಕು. ತಿಕೋಟ, ಬಬಲೇಶ್ವರದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೃಷ್ಣೆಯ ನೀರನ್ನು ಎತ್ತಿ ತರುವುದು ಅಂದ್ರೇನು ಅಂತ ಅವರಿಗೆ ಗೊತ್ತು.

ಯೂಸ್‌ನೆಟ್ ಅನ್ನೋ ಹಳೆಯ ಚರ್ಚಾಜಾಲವೂ ಹೀಗೇ. 1980ರ ಹೊತ್ತಿಗೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಅದಕ್ಕೆ ಕೇಂದ್ರ ಕಚೇರಿ ಇಲ್ಲ. ನಮ್ಮೂರಲ್ಲಿ ಸರ್ವರ್ ಇಟ್ಟರೂ, ಮೇಲಿನ ಸರ್ವರಿನವರು ಫೀಡ್ ಕೊಡಲು ಒಪ್ಪದಿದ್ದರೆ ಅದು ಖಾಲಿ ಪೆಟ್ಟಿಗೆ. ಒಬ್ಬರನ್ನೇ ನಂಬಿದರೆ, ಅವರು ಕೈಬಿಟ್ಟ ದಿನ ನಮ್ಮದೂ ಬಂದ್. ಈ ಲೆಕ್ಕವನ್ನು ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಬದುಕಿ ತೋರಿಸಿದವರು ನಮ್ಮ ವಿಜಯಪುರದ ಫ.ಗು. ಹಳಕಟ್ಟಿ ಅನ್ನೋದು ನನ್ನ ವಾದ.

ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ಮುಂಬೈಯಲ್ಲಿ ಕಾನೂನು ಓದಿ, ಬೆಳಗಾವಿಯಲ್ಲಿ ವಕೀಲಿ ಶುರು ಮಾಡಿ, ಆಮೇಲೆ ವಿಜಯಪುರಕ್ಕೆ ಬಂದು ನೆಲೆಸಿದರು. ರಬಕವಿ-ಬನಹಟ್ಟಿ ಕಡೆಯ ಮನೆಯೊಂದರಲ್ಲಿ ಕಂಡ ತಾಡೋಲೆಗಳು ಅವರ ಬದುಕಿನ ದಾರಿಯನ್ನೇ ತಿರುಗಿಸಿದವು.

ವಚನಗಳು ಆಗ ಇದ್ದದ್ದು ಮಠಗಳಲ್ಲಿ, ಮನೆಗಳ ಜಗುಲಿಗಳಲ್ಲಿ, ಪೂಜೆಯ ಗಂಟುಗಳಲ್ಲಿ. ಹಳಕಟ್ಟಿಯವರು ಊರೂರು ಅಲೆದು, ಕೇಳಿ, ಬೇಡಿ ಕಟ್ಟುಗಳನ್ನು ತಂದರು. ಒಂದೇ ಪ್ರತಿಯನ್ನು ನೆಚ್ಚದೆ, ಹಲವು ಪ್ರತಿಗಳನ್ನು ಹೋಲಿಸಿ ನೋಡಿದರು. ಒಂದರಲ್ಲಿ ಹುಳ ತಿಂದ ಸಾಲು ಇನ್ನೊಂದರಲ್ಲಿ ಉಳಿದಿರಬಹುದಲ್ಲ!

ಸಂಗ್ರಹ ಮಾಡಿದರೆ ಆಯ್ತೇ? ಹಂಚಬೇಕು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನವರು ಹಸ್ತಪ್ರತಿ ಹಿಂದಿರುಗಿಸಿದ ಮೇಲೆ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಬೇರೆಯವರ ಮರ್ಜಿ ಕಾಯುವುದು ಬೇಡ ಅಂತ ಮನೆ ಮಾರಿ, 1925ರಲ್ಲಿ ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ 'ಶಿವಾನುಭವ', ಮರುವರ್ಷ 'ನವಕರ್ನಾಟಕ' ಪತ್ರಿಕೆ ಹೊರಟವು. ಮೇಲಿನಿಂದ ಪಡೆದವರು ಈಗ ತಾವೇ ಕೊಡುವವರಾದರು. ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಗೂ ಸಿದ್ಧೇಶ್ವರ ಬ್ಯಾಂಕಿಗೂ ದುಡಿದ ಅವರು ತಮಗಾಗಿ ಏನೂ ಕೂಡಿಡಲಿಲ್ಲ. ಬಡತನದಲ್ಲೇ ಬದುಕಿ 1964ರ ಜೂನ್ 29ರಂದು ತೀರಿಕೊಂಡರು.

ಇವತ್ತು ನಮ್ಮ ಹಾಡು, ಫೋಟೊ, ಊರಿನ ಸುದ್ದಿ ಎಲ್ಲವೂ ಒಂದೆರಡು ದೊಡ್ಡ ಕಂಪನಿಗಳ ಕೈಯಲ್ಲಿವೆ. 2024ರ ಫೆಬ್ರವರಿ 22ರಿಂದ ಗೂಗಲ್ ಗ್ರೂಪ್ಸ್ ಯೂಸ್‌ನೆಟ್‌ನ ಹೊಸ ಬರಹಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಬೇರೆ ಸರ್ವರ್‌ಗಳ ನಂಟು ಇಟ್ಟುಕೊಂಡವರಿಗೆ ಜಾಲ ಹಾಗೇ ನಡೆಯಿತು. ಗೂಗಲ್ ಒಂದನ್ನೇ ನೆಚ್ಚಿದವರಿಗೆ ಹೊಸ ಮಾತು ಬರುವುದು ನಿಂತಿತು.

ಜುಲೈ 2ರಂದು ಹಳಕಟ್ಟಿಯವರ ಫೋಟೊಕ್ಕೆ ಹಾರ ಹಾಕಿ ಭಾಷಣ ಮಾಡುತ್ತೇವೆ. ಹಾಕೋಣ, ಬೇಡ ಅನ್ನಲ್ಲ. ಆದರೆ ತಿಕೋಟದ, ಬಬಲೇಶ್ವರದ ಮನೆಗಳ ಅಟ್ಟದಲ್ಲಿರುವ ಭಜನಾ ಪುಸ್ತಕ, ಹಳೇ ಕಾಗದಪತ್ರಗಳ ಪ್ರತಿಯನ್ನೂ ಅವತ್ತು ತೆಗೆಯಬಾರದೇಕೆ? ಒಂದು ಶಾಲೆಯಲ್ಲಿ, ಇನ್ನೊಂದು ಗ್ರಂಥಾಲಯದಲ್ಲಿ, ಮತ್ತೊಂದು ಪಕ್ಕದೂರಲ್ಲಿ ಇರಲಿ. ಒಂದು ಕಡೆ ಬತ್ತಿದರೆ ಇನ್ನೊಂದು ಕಡೆಯಿಂದ ಹರಿದು ಬರುತ್ತದೆ.