ಎರಡೂವರೆ ಸೆಕೆಂಡ್ ಹಾರಿಸಿದ ಮೇಷ್ಟ್ರು

ಮಾಡೆಲ್ ರಾಕೆಟ್ ಕಿಟ್‌ನ ಡಬ್ಬಿ ಬಿಚ್ಚಿದಾಗ ಮೊದಲು ಆಗುವುದು ನಿರಾಸೆ. ಒಂದು ರಟ್ಟಿನ ಕೊಳವೆ, ಪ್ಲಾಸ್ಟಿಕ್ ಮೂತಿ, ಬಾಲ್ಸಾ ಮರದ ಹಗುರ ಫಿನ್‌ಗಳು, ತೆಳು ಪ್ಯಾರಾಚೂಟ್, ಒಂದಿಷ್ಟು ಎಲಾಸ್ಟಿಕ್, ಮಡಚಿಟ್ಟ ಸೂಚನಾ ಹಾಳೆ. ಇಷ್ಟೇ. ನಮ್ಮ ಕಾಲೇಜಿನ ಕ್ಲಬ್‌ಗೆ ಸೀನಿಯರ್ ಒಬ್ಬರು ಕೊಟ್ಟ ಕಿಟ್ ಅನ್ನು ನಾವು ನಾಲ್ವರು ಎರಡೇ ಸಂಜೆಯಲ್ಲಿ ಅಂಟಿಸಿ ಮುಗಿಸಿದೆವು. ಮೆಕ್ಯಾನಿಕಲ್ ಐದನೇ ಸೆಮಿಸ್ಟರ್‌ನವರಿಗೆ ಅದೇನು ಮಹಾ ಕೆಲಸವಲ್ಲ. ಆದರೆ ಆ ಹಾಳೆಯ ಒಂದೊಂದು ಸಾಲಿನ ಹಿಂದೆ ಏನಿದೆ ಎಂದು ಲೈಬ್ರರಿಯಲ್ಲಿ ಹುಡುಕಲು ಕೂತಾಗ ಮತ್ತೆ ಮತ್ತೆ ಸಿಕ್ಕ ಹೆಸರು ರಾಬರ್ಟ್ ಗಾಡರ್ಡ್ ಅವರದು. ದ್ರವ ಇಂಧನದ ರಾಕೆಟ್ಟನ್ನು ಜಗತ್ತಿನಲ್ಲಿ ಮೊದಲು ಹಾರಿಸಿದವರು ಎಂಬ ಒಂದು ಅಂಕದ ಉತ್ತರ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಗೊತ್ತು. ಆ ಒಂದು ಅಂಕದ ಆಚೆಗಿನ ಕಥೆ ನನಗೆ ಹೆಚ್ಚು ಹಿಡಿಸಿತು.

ಅವರು ಹುಟ್ಟಿದ್ದು 1882ರ ಅಕ್ಟೋಬರ್ 5ರಂದು, ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ವೂಸ್ಟರ್‌ನಲ್ಲಿ. ಸದಾ ಕಾಯಿಲೆಯ ಹುಡುಗ. ಶಾಲೆಯಲ್ಲಿ ಜೊತೆಯವರಿಗಿಂತ ಎರಡು ವರ್ಷ ಹಿಂದೆ ಬಿದ್ದ. (ಇಯರ್ ಬ್ಯಾಕ್ ಆಗಿ ಮನೆಯಲ್ಲಿ ಮುಖ ತೋರಿಸಲಾಗದ ಗೆಳೆಯರು ಇದನ್ನು ಗಮನಿಸಬಹುದು.) 1899ರ ಅಕ್ಟೋಬರ್ 19ರಂದು ಮನೆಯ ಹಿಂದಿನ ಚೆರ್ರಿ ಮರದ ಒಣ ಕೊಂಬೆ ಕಡಿಯಲು ಹತ್ತಿದವನಿಗೆ, ಮಂಗಳ ಗ್ರಹಕ್ಕೆ ಹೋಗುವ ಯಂತ್ರವೊಂದನ್ನು ಮಾಡಿದರೆ ಹೇಗೆ ಎಂಬ ಯೋಚನೆ ಬಂತು. ಮರದಿಂದ ಇಳಿದ ಮೇಲೂ ಅದು ತಲೆಯಿಂದ ಇಳಿಯಲಿಲ್ಲ. ಜೀವನಪೂರ್ತಿ ಆ ತಾರೀಖನ್ನು ಹಬ್ಬದಂತೆ ನೆನೆದರು. ಹೈಸ್ಕೂಲ್ ಮುಗಿದಾಗ ವಯಸ್ಸು 21. ನಂತರ ಊರಿನಲ್ಲೇ ಪದವಿ, ಅಲ್ಲಿಯ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ 1911ರಲ್ಲಿ ಭೌತಶಾಸ್ತ್ರದ ಪಿಎಚ್‌.ಡಿ.

1913ರಲ್ಲಿ ಕ್ಷಯ ಬಡಿಯಿತು. ಇನ್ನು ಎರಡು ವಾರ ಎಂದು ವೈದ್ಯರು ಕೈಚೆಲ್ಲಿದ್ದರು. ಮನುಷ್ಯ ಹಾಸಿಗೆಯಲ್ಲಿ ಮಲಗಿಕೊಂಡೇ ತನ್ನ ಟಿಪ್ಪಣಿಗಳನ್ನು ತಿದ್ದಿ ತೀಡಿದರು. ಮರುವರ್ಷ ಜುಲೈನಲ್ಲಿ ಒಂದು ವಾರದ ಅಂತರದಲ್ಲಿ ಎರಡು ಪೇಟೆಂಟ್ ಕೈಸೇರಿದವು: ಒಂದು ಹಲವು ಹಂತಗಳ ರಾಕೆಟ್‌ಗೆ, ಇನ್ನೊಂದು ದ್ರವ ಇಂಧನದ ರಾಕೆಟ್‌ಗೆ. ಇವತ್ತಿಗೂ ಉಪಗ್ರಹ ಹೊತ್ತು ಏರುವ ರಾಕೆಟ್‌ಗಳಲ್ಲಿ ಈ ಎರಡೂ ಇವೆ.

ಅಲ್ಲಿಯವರೆಗೆ ರಾಕೆಟ್ ಎಂದರೆ ಸಿಡಿಮದ್ದಿನ ಕೊಳವೆ. ನಮ್ಮ ಮೈಸೂರಿನ ಸೈನಿಕರು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬ್ರಿಟಿಷರ ಮೇಲೆ ಬಿಡುತ್ತಿದ್ದದ್ದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಇಂಗ್ಲೆಂಡಿಗೆ ಸಾಗಿದ್ದು, ಅಲ್ಲಿ ಕಾಂಗ್ರೀವ್ ಅವನ್ನು ಸುಧಾರಿಸಿದ್ದು ಎಲ್ಲ ಈ ಜಾತಿಯವೇ. ಇಂಥ ರಾಕೆಟ್‌ನಲ್ಲಿ ಮದ್ದಿನ ಶಕ್ತಿಯ ಎಷ್ಟು ಪಾಲು ನಿಜಕ್ಕೂ ಕೆಲಸಕ್ಕೆ ಬರುತ್ತದೆ ಎಂದು ಗಾಡರ್ಡ್ ಅಳೆದು ನೋಡಿದರು. ಬಂದ ಉತ್ತರ ಸುಮಾರು ಶೇ 2. ಹೊಗೆ ಹೊರಬರುವ ಬಾಯಿಯನ್ನು ಮೊದಲು ಕಿರಿದಾಗಿಸಿ ಆಮೇಲೆ ಅಗಲಿಸಿದ ನಾಜಲ್ ಹಾಕಿದಾಗ ಅದು ಶೇ 60ನ್ನೂ ದಾಟಿತು. ಇದು ಹಬೆ ಟರ್ಬೈನ್‌ಗಾಗಿ ಡಿ ಲಾವಾಲ್ ರೂಪಿಸಿದ ನಾಜಲ್. ನಾಲ್ಕನೇ ಸೆಮಿಸ್ಟರ್‌ನಲ್ಲಿ ನಾವು ಉರುಹೊಡೆದು ಮರೆತದ್ದು. ಆಮೇಲೆ ಗಾಳಿ ತೆಗೆದ ಕೊಳವೆಯೊಳಗೆ ರಾಕೆಟ್ ಉರಿಸಿ, ನಿರ್ವಾತದಲ್ಲೂ ಅದು ತಳ್ಳುತ್ತದೆ ಎಂದು ತೋರಿಸಿದರು. 1917ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ 5,000 ಡಾಲರ್ ಕೊಟ್ಟಿತು.

ಈ ಪ್ರಯೋಗಗಳ ವರದಿಯನ್ನು ಆ ಸಂಸ್ಥೆ ಪ್ರಕಟಿಸಿದ್ದೇ ತಾಪತ್ರಯವಾಯಿತು. ಚಂದ್ರನ ಮೇಲೆ ಮಿಂಚುಪುಡಿ ಸಿಡಿಸಿದರೆ ಭೂಮಿಯಿಂದ ಕಾಣಬಹುದು ಎಂಬ ಲೆಕ್ಕ ಅದರಲ್ಲಿತ್ತು. ಪತ್ರಿಕೆಗಳು ಅಷ್ಟನ್ನೇ ಹಿಡಿದುಕೊಂಡವು. 1920ರ ಜನವರಿ 13ರಂದು ನ್ಯೂಯಾರ್ಕ್ ಟೈಮ್ಸ್ ತನ್ನ ಸಂಪಾದಕೀಯ ಪುಟದಲ್ಲೇ, ತಳ್ಳಲು ಗಾಳಿಯಿಲ್ಲದ ಕಡೆ ರಾಕೆಟ್ ಹೇಗೆ ಹೋದೀತು, ಹೈಸ್ಕೂಲ್ ವಿಜ್ಞಾನವೂ ಈ ಪ್ರೊಫೆಸರ್‌ಗೆ ಬಾರದು ಎಂಬ ಅರ್ಥದಲ್ಲಿ ಗೇಲಿ ಮಾಡಿತು. ತಪ್ಪಿದ್ದು ಪತ್ರಿಕೆಯೇ. ರಾಕೆಟ್ ತಳ್ಳುವುದು ಗಾಳಿಯನ್ನಲ್ಲ, ತಾನೇ ಹಿಂದಕ್ಕೆ ಉಗುಳುವ ಅನಿಲವನ್ನು. ಪತ್ರಿಕೆ ತಿದ್ದುಪಡಿ ಹಾಕಿದ್ದು 1969ರ ಜುಲೈ 17ರಂದು, ಅಪೊಲೊ 11 ಚಂದ್ರನ ದಾರಿಯಲ್ಲಿದ್ದಾಗ. ಗಾಡರ್ಡ್ ತೀರಿಕೊಂಡು ಆಗಲೇ 24 ವರ್ಷವಾಗಿತ್ತು.

1926ರ ಮಾರ್ಚ್ 16. ಆಬರ್ನ್‌ನಲ್ಲಿ ನೆಂಟರ ಹೊಲ, ನೆಲದ ಮೇಲೆ ಹಿಮ. ಸುಮಾರು 10 ಅಡಿ ಎತ್ತರದ, ಬರೀ ಪೈಪುಗಳ ಚೌಕಟ್ಟಿನಂಥ ಒಂದು ಆಕೃತಿ. ಇಂಧನ ಪೆಟ್ರೋಲ್ ಮತ್ತು ದ್ರವ ಆಮ್ಲಜನಕ. ನಾವು ದೂರದಲ್ಲಿ ನಿಂತು ಗುಂಡಿ ಒತ್ತಿ ಇಗ್ನೈಟರ್ ಹೊತ್ತಿಸುತ್ತೇವೆ. ಅಲ್ಲಿ ಸಹಾಯಕರೊಬ್ಬರು ಕೋಲಿಗೆ ಕಟ್ಟಿದ ಬ್ಲೋ ಲ್ಯಾಂಪ್ ಹಿಡಿದು ಹತ್ತಿರ ಹೋಗಿ ಬೆಂಕಿ ಕೊಟ್ಟರು! ಹೆಂಡತಿ ಎಸ್ತರ್ ಕೈಯಲ್ಲಿ ಕೀ ಕೊಟ್ಟು ಓಡಿಸುವ ಸಿನಿಮಾ ಕ್ಯಾಮೆರಾ. ರಾಕೆಟ್ ಉರಿಯುತ್ತಾ ನಿಂತೇ ಇತ್ತು, ತೂಕ ಇಳಿದ ಮೇಲೆ ಎದ್ದಿತು. ಅಷ್ಟರಲ್ಲಿ ಕ್ಯಾಮೆರಾದ ಕೀ ಮುಗಿದಿತ್ತು. ಹಾರಾಟ 2.5 ಸೆಕೆಂಡ್, ಎತ್ತರ 41 ಅಡಿ, ಬಿದ್ದದ್ದು 184 ಅಡಿ ಆಚೆ, ಎಲೆಕೋಸಿನ ಪಾತಿಯಲ್ಲಿ.

ಆ ರಾಕೆಟ್‌ನ ಚಿತ್ರ ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ: ಎಂಜಿನ್ ಮೇಲಿದೆ, ಟ್ಯಾಂಕುಗಳು ಕೆಳಗಿವೆ. ಮೇಸ್ತ್ರಿ ಗೋಡೆಗೆ ಹಿಡಿಯುವ ತೂಕದ ಗುಂಡಿನ ಹಾಗೆ ಭಾರ ಕೆಳಗೆ ನೇತಾಡಿದರೆ ರಾಕೆಟ್ ನೆಟ್ಟಗೆ ಹೋದೀತು ಎಂಬುದು ಗಾಡರ್ಡ್ ಎಣಿಕೆ. ಅದು ಸರಿಯಲ್ಲ. ಗುಂಡಿನ ದಾರವನ್ನು ಹಿಡಿದ ಕೈ ಅಲ್ಲಾಡದೆ ಇರುತ್ತದೆ. ಎಂಜಿನ್ ಮಾತ್ರ ರಾಕೆಟ್ ವಾಲಿದ ಕಡೆಗೇ ತಾನೂ ವಾಲುತ್ತದೆ, ವಾಲಿದ್ದನ್ನು ಎತ್ತಿ ನಿಲ್ಲಿಸುವ ಬಲ ಹುಟ್ಟುವುದೇ ಇಲ್ಲ. ಮುಂದಿನ ವಿನ್ಯಾಸದಲ್ಲಿ ಅವರು ಎಂಜಿನ್ ಅನ್ನು ಬುಡಕ್ಕೆ ತಂದರು. ನಮ್ಮ ಕಿಟ್‌ನ ಹಾಳೆಯಲ್ಲಿ ಈ ಚರ್ಚೆಯೇ ಇಲ್ಲ. ಮೋಟಾರ್ ಹಿಂದೆ, ಫಿನ್ ಹಿಂದೆ, ಗುರುತ್ವಕೇಂದ್ರ ಮುಂದೆ, ಅಷ್ಟೇ. ಉಡಾವಣೆಗೆ ಮುಂಚೆ ರಾಕೆಟ್ಟಿನ ಗುರುತ್ವಕೇಂದ್ರಕ್ಕೆ ದಾರ ಕಟ್ಟಿ ತಲೆಯ ಸುತ್ತ ಗಿರಗಿರನೆ ತಿರುಗಿಸಿ ನೋಡಿದೆವು. ಮೂತಿ ಮುಂದಾಗಿಯೇ ತಿರುಗಿದರೆ ಪಾಸ್. ಅನುಮತಿ ಸಿಕ್ಕಿದ ಮೇಲೆ ಮೇಷ್ಟ್ರ ಎದುರಿಗೆ ಊರಾಚೆಯ ಬಯಲಿನಲ್ಲಿ ಹಾರಿಸಿದೆವು. ಮೋಟಾರ್ ಉರಿದದ್ದು ಒಂದು ಸೆಕೆಂಡಿಗೂ ಕಡಿಮೆ, ಏರಿದ್ದು ಮಾತ್ರ 41 ಅಡಿಗಿಂತ ಎಷ್ಟೋ ಮೇಲೆ. ಮೂತಿ ಬಿಚ್ಚಿ ಪ್ಯಾರಾಚೂಟ್ ಅರಳಿದಾಗ ಎಲ್ಲರೂ ಕೂಗಿದೆವು. ನನಗೆ ನೆನಪಾದದ್ದು ಎಸ್ತರ್. ಗಂಡನ ರಾಕೆಟ್‌ಗಳಿಗೆ ಪ್ಯಾರಾಚೂಟ್ ಹೊಲಿದುಕೊಡುತ್ತಿದ್ದವರು ಅವರೇ.

1929ರ ಜುಲೈನ ಒಂದು ಉಡಾವಣೆಯ ಸದ್ದಿಗೆ, ವಿಮಾನ ಬಿತ್ತೆಂದು ಪೊಲೀಸರೂ ಆಂಬುಲೆನ್ಸೂ ಓಡಿ ಬಂದವು. ರಾಜ್ಯದ ಅಗ್ನಿಶಾಮಕ ಅಧಿಕಾರಿ ಮಸಾಚುಸೆಟ್ಸ್‌ನಲ್ಲಿ ಇನ್ನು ರಾಕೆಟ್ ಹಾರಿಸಕೂಡದೆಂದರು. ಆದರೆ ಆ ಗಲಾಟೆಯ ಸುದ್ದಿ ಓದಿಯೇ ಅಟ್ಲಾಂಟಿಕ್ ದಾಟಿದ ವಿಮಾನಿ ಲಿಂಡ್‌ಬರ್ಗ್ ಇವರನ್ನು ಹುಡುಕಿಕೊಂಡು ಬಂದರು. ಅವರ ಮಾತಿಗೆ ಒಪ್ಪಿ ಗುಗ್ಗೆನ್‌ಹೈಮ್ ಎಂಬ ಧನಿಕರು ನಾಲ್ಕು ವರ್ಷಕ್ಕೆ ಒಂದು ಲಕ್ಷ ಡಾಲರ್ ಒಪ್ಪಿಕೊಂಡರು. 1930ರಲ್ಲಿ ಸಂಸಾರ ನ್ಯೂ ಮೆಕ್ಸಿಕೊದ ರಾಸ್‌ವೆಲ್ ಬಯಲಿಗೆ ಹೋಯಿತು. ಅಲ್ಲಿ ಗೈರೊಸ್ಕೋಪ್‌ನಿಂದ ದಿಕ್ಕು ಹಿಡಿಯುವುದು, ಉರಿಯ ಬಾಯಲ್ಲಿ ಹಲಗೆಯಿಟ್ಟು ತಿರುಗಿಸುವುದು, ಪಂಪಿನಿಂದ ಇಂಧನ ಊಡುವುದು, ಒಂದೊಂದನ್ನೂ ಕೈಬೆರಳೆಣಿಕೆಯ ಸಹಾಯಕರೊಂದಿಗೆ ಮಾಡಿ ನೋಡಿದರು. 1926ರಿಂದ 1941ರವರೆಗೆ ಹಾರಿಸಿದ್ದು 34 ರಾಕೆಟ್. ಅತಿ ಹೆಚ್ಚು ಎತ್ತರ ಸುಮಾರು 2.6 ಕಿಲೊಮೀಟರ್. 1935ರಲ್ಲಿ ಲಿಂಡ್‌ಬರ್ಗ್ ಮತ್ತು ಹಣ ಕೊಟ್ಟ ಮನೆಯವರು ನೋಡಲು ಬಂದಾಗ ಮಾತ್ರ ರಾಕೆಟ್ ನೆಲ ಬಿಟ್ಟು ಏಳಲಿಲ್ಲ. ಪ್ರಾಜೆಕ್ಟ್ ಡೆಮೊ ದಿನ ಗೊತ್ತಲ್ಲ, ಹಾಗೆ.

ಇಲ್ಲೊಂದು ಮಾತು ಹೇಳಲೇಬೇಕು. ಗಾಡರ್ಡ್ ಬಗ್ಗೆ ಬರೆಯುವವರು ನ್ಯೂಯಾರ್ಕ್ ಟೈಮ್ಸ್ ಕಥೆ ಹೇಳಿ ಅವರನ್ನು ಹುತಾತ್ಮರ ಸಾಲಿಗೆ ಸೇರಿಸಿಬಿಡುತ್ತಾರೆ. ನನಗೆ ಅಷ್ಟು ಸುಲಭ ಅನಿಸುವುದಿಲ್ಲ. ಗೇಲಿಯ ಪೆಟ್ಟು ತಿಂದ ಮೇಲೆ ಅವರು ಎಲ್ಲವನ್ನೂ ಮುಚ್ಚಿಟ್ಟರು. 1936ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಿಂದ ಫ್ರಾಂಕ್ ಮಲಿನಾ ಎಂಬ ವಿದ್ಯಾರ್ಥಿ ರಾಸ್‌ವೆಲ್‌ವರೆಗೆ ಹೋದ. ಗಾಡರ್ಡ್ ಆದರದಿಂದ ಮಾತಾಡಿಸಿದರು, ಆದರೆ ಎಂಜಿನ್ ತೋರಿಸಲಿಲ್ಲ. ಆ ವಿದ್ಯಾರ್ಥಿಗಳ ಗುಂಪೇ ಮುಂದೆ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿ ಆಯಿತು. ಸ್ಮಿತ್‌ಸೋನಿಯನ್‌ಗೆ ಒಂದು ರಾಕೆಟ್ ಕೊಟ್ಟಾಗಲೂ ಯಾರಿಗೂ ತೋರಿಸಬಾರದೆಂಬ ಷರತ್ತು. ಗಣಿತ ಬಲ್ಲ, ಯಂತ್ರ ಬಲ್ಲ ಇನ್ನು ಹತ್ತು ಜನ ಜೊತೆಗಿದ್ದಿದ್ದರೆ 2.6 ಕಿಲೊಮೀಟರ್ ಎಷ್ಟಾಗುತ್ತಿತ್ತೋ. ಅದೇ ಹೊತ್ತಿಗೆ ಜರ್ಮನಿಯಲ್ಲಿ ಸರ್ಕಾರದ ಹಣದಲ್ಲಿ ಸಾವಿರಾರು ಜನ ದುಡಿದು 1942ರಲ್ಲಿ 80 ಕಿಲೊಮೀಟರಿಗೂ ಮೇಲೆ ರಾಕೆಟ್ ಕಳಿಸಿದರು. ಅದು ಯುದ್ಧಕ್ಕಾಗಿ ಮಾಡಿದ ವಿ-2. ಊರುಗಳ ಮೇಲೆ ಬಿದ್ದು ಜನರನ್ನು ಕೊಂದಿತು. 1945ರಲ್ಲಿ ಅದರ ಭಾಗಗಳನ್ನು ಕಂಡ ಗಾಡರ್ಡ್‌ಗೆ ಅವು ತನ್ನವೇ ಅನ್ನಿಸಿದವಂತೆ. ಒಂದೇ ಸಮಸ್ಯೆಗೆ ಇಬ್ಬರು ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬರುವುದೂ ಉಂಟು. ಲ್ಯಾಬ್ ರೆಕಾರ್ಡ್ ಅನ್ನು ಪಕ್ಕದವನಿಗೆ ಕಾಣದಂತೆ ಮುಚ್ಚಿಕೊಂಡು ಬರೆಯುವವರು ನಮ್ಮ ಬ್ಯಾಚಿನಲ್ಲೂ ಇದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತದೆ, ಗಾಡರ್ಡ್ ಭಯವೂ ಅರ್ಥವಾಗುತ್ತದೆ.

ಆ ವರ್ಷವೇ ಆಗಸ್ಟ್ 10ರಂದು ಗಂಟಲಿನ ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು. ಗಂಡ ಬಿಟ್ಟುಹೋದ ಟಿಪ್ಪಣಿಗಳ ಮುಂದೆ ಎಸ್ತರ್ ವರ್ಷಗಟ್ಟಲೆ ಕೂತರು. ಒಟ್ಟು 214 ಪೇಟೆಂಟ್‌ಗಳಲ್ಲಿ 131 ಬಂದದ್ದು ಅವರು ಸತ್ತ ಮೇಲೆಯೇ. ಅವನ್ನು ಬಳಸಿಕೊಂಡದ್ದಕ್ಕೆ 1960ರಲ್ಲಿ ಅಮೆರಿಕ ಸರ್ಕಾರ ಹತ್ತು ಲಕ್ಷ ಡಾಲರ್ ಕೊಟ್ಟಿತು. ಮುಚ್ಚಿಟ್ಟ ಆ ಟಿಪ್ಪಣಿಗಳು, ಪತ್ರಗಳು ಎಸ್ತರ್ ಸಂಪಾದಿಸಿದ ಮೂರು ದಪ್ಪ ಸಂಪುಟಗಳಾಗಿ ಎಲ್ಲರ ಕೈಗೆ ಸಿಕ್ಕಿದ್ದು 1970ರಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಮರುವರ್ಷ.