ಓದಲರಿಯದ ನವಾಬನ ಓಲೆಕಾರರು

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ

ನಮ್ಮ ದಾವಣಗೆರೆಯ ಮಂಡಿಪೇಟೆಯಲ್ಲಿ ಬೆಳಗಾಗುತ್ತಲೇ ಮೂಟೆಗಳು ಇಳಿಯತೊಡಗುತ್ತವೆ. ಎರಡೂವರೆ ಶತಮಾನಗಳ ಹಿಂದೆ ಇಲ್ಲಿ ಇಂತಹ ಪೇಟೆಯಿರಲಿಲ್ಲ. ದಾವಣಗೆರೆಯು ಬೇತೂರಿಗೆ ಸೇರಿದ ಸಣ್ಣ ಹಳ್ಳಿಯಾಗಿದ್ದಿತು. ಹೈದರಾಲಿಯು ಇದನ್ನು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆ ಸರದಾರನು ವರ್ತಕರನ್ನು ಕರೆತಂದು ಇಲ್ಲಿ ನೆಲೆಗೊಳಿಸಿದನು. ನಮ್ಮೂರಿನ ಏಳಿಗೆಗೆ ಹೀಗೆ ಕಾರಣನಾದ ಹೈದರನಿಗೆ ಅಕ್ಷರಜ್ಞಾನವಿರಲಿಲ್ಲ. ಆದರೂ ಅವನು ಕಾಗದಗಳ ಬಲದಿಂದಲೇ ರಾಜ್ಯವಾಳಿದನೆಂಬುದು ಸೋಜಿಗದ ಸಂಗತಿ.

ಹೈದರನು 1720ರ ಸುಮಾರಿಗೆ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದನು. ತಂದೆ ಫತೇ ಮಹಮ್ಮದನು ಯುದ್ಧದಲ್ಲಿ ಮಡಿದಾಗ ಅವನಿನ್ನೂ ಬಾಲಕ. ಮುಂದೆ ಮೈಸೂರಿನ ಸೈನ್ಯವನ್ನು ಸೇರಿ, 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ನಂಜರಾಜಯ್ಯನ ಮೆಚ್ಚುಗೆ ಗಳಿಸಿದನು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದನು. 1761ರ ವೇಳೆಗೆ ಒಡೆಯರ ಹೆಸರಿನಲ್ಲಿ ರಾಜ್ಯದ ಸಮಸ್ತ ಅಧಿಕಾರವೂ ಅವನ ಕೈಸೇರಿತು. 1763ರಲ್ಲಿ ಬಿದನೂರೂ ತುಂಗಭದ್ರೆಯ ದಡದ ಹರಿಹರವೂ, 1779ರಲ್ಲಿ ಚಿತ್ರದುರ್ಗವೂ ಅವನ ವಶವಾದುವು.

ಇಷ್ಟು ವಿಸ್ತಾರವಾದ ಸೀಮೆಯನ್ನು ಆಳುವವನಿಗೆ ದಿನವೂ ರಾಶಿ ಕಾಗದಗಳು ಬರುತ್ತಿದ್ದುವು. ರುಜು ಹಾಕಬೇಕಾದರೆ ಅವನು ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಗೀಚಬಲ್ಲವನಾಗಿದ್ದನು. ಬೆಳಗಿನ ಹೊತ್ತು ಮುನ್ಷಿಗಳು ಅವನ ಮುಂದೆ ಕುಳಿತು ಕಾಗದಗಳನ್ನು ಓದಿ ಹೇಳುವರು. ಅವನು ಒಬ್ಬನ ಓದನ್ನು ಕೇಳುತ್ತಲೇ ಇನ್ನೊಬ್ಬನಿಗೆ ಉತ್ತರವನ್ನು ಹೇಳಿ ಬರೆಯಿಸುವನು. ಒಮ್ಮೆ ಕೇಳಿದುದನ್ನು ಮರೆಯದ ಅಸಾಧಾರಣ ಜ್ಞಾಪಕಶಕ್ತಿ ಅವನಿಗಿದ್ದಿತು.

ಕಾಗದವನ್ನು ಸಾಗಿಸುವ ವ್ಯವಸ್ಥೆಗೆ ಬುನಾದಿ ಹಾಕಿದವನು ಹೈದರನಲ್ಲ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯನು ಮೈಸೂರಿನ ಅಂಚೆಯನ್ನು ಸ್ಥಾಪಿಸಿದ್ದನು. ಹೈದರನು ಅದನ್ನು ಸೈನ್ಯದ ನರನಾಡಿಯನ್ನಾಗಿ ಮಾಡಿದನು. ಅವನ ಸೇವೆಯಲ್ಲಿದ್ದ ಫ್ರೆಂಚ್ ಅಧಿಕಾರಿ ದ ಲಾ ಟೂರ್ ಎಂಬಾತನು ಇದರ ವಿವರಗಳನ್ನು ಬರೆದಿಟ್ಟಿದ್ದಾನೆ. ಮುಖ್ಯವಾದ ಕಾಗದವಾದರೆ ಹೈದರನು ಬೆರಳಿನ ಮುದ್ರೆಯುಂಗುರದಿಂದ ತಾನೇ ಮುದ್ರೆಯೊತ್ತಿ, ತನ್ನ ಕೈಯಿಂದಲೇ ಹರಕಾರನಿಗೆ ಒಪ್ಪಿಸುತ್ತಿದ್ದನು. ಲಕೋಟೆಯ ಜೊತೆಗೆ ಒಂದು ಚೀಟಿಯಿರುವುದು. ಹೊರಟ ಹೊತ್ತನ್ನು ಅದರಲ್ಲಿ ಗುರುತು ಹಾಕುವರು. ಮುಂದಿನ ಒಂದೊಂದು ನೆಲೆಯಲ್ಲಿಯೂ ಅದು ತಲಪಿದ ಹೊತ್ತನ್ನು ಬರೆಯಬೇಕು. ಎಲ್ಲಿ ತಡವಾಯಿತು, ಯಾರು ಮೈಗಳ್ಳರಾದರು ಎಂಬುದು ಆ ಚೀಟಿಯಿಂದಲೇ ಬಯಲಾಗುತ್ತಿದ್ದಿತು.

ಈ ವ್ಯವಸ್ಥೆಯ ಬೆಲೆ ರಣರಂಗದಲ್ಲಿ ಕಂಡುಬಂದಿತು. 1780ರಲ್ಲಿ ಹೈದರನು ಇಂಗ್ಲಿಷರ ಮೇಲೆ ಕರ್ನಾಟಿಕ್ ಸೀಮೆಗೆ ದಂಡೆತ್ತಿ ಹೋದನು. ಇಂಗ್ಲಿಷರ ಸೇನಾಪತಿ ಮನ್ರೋ ಕಾಂಚೀಪುರದಲ್ಲಿದ್ದನು; ಅವನನ್ನು ಕೂಡಿಕೊಳ್ಳಬೇಕಾಗಿದ್ದ ಬೈಲಿಯ ದಂಡು ಸುಮಾರು 14 ಮೈಲಿ ದೂರದಲ್ಲಿ ಸಿಕ್ಕಿಬಿದ್ದಿತ್ತು. ಮನ್ರೋ ಕಳುಹಿಸಿದ ಸಹಾಯದ ತುಕಡಿಗೆ ದಾರಿ ತೋರಿಸಲು ಬಂದ ಹರಕಾರರು ಹೈದರನ ಸಂಬಳವನ್ನು ತಿನ್ನುವವರಾಗಿದ್ದರು! ತುಕಡಿಯ ನಾಯಕ ಫ್ಲೆಚರನು ಅನುಮಾನಪಟ್ಟು ದಾರಿ ಬದಲಿಸಿದ್ದರಿಂದ ಆ ರಾತ್ರಿ ಪಾರಾದನು. ಆದರೆ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಬೈಲಿಯ ದಂಡು ನಾಶವಾಯಿತು, ಬೈಲಿಯು ಸೆರೆಸಿಕ್ಕಿದನು. ಮನ್ರೋ ತನ್ನ ದೊಡ್ಡ ಫಿರಂಗಿಗಳನ್ನು ಕಾಂಚಿಯ ಕೊಳಕ್ಕೆ ನೂಕಿ ಮದರಾಸಿಗೆ ಹಿಂದಿರುಗಬೇಕಾಯಿತು. ಹೈದರನಿಗೆ ಶತ್ರುವಿನ ಸುದ್ದಿ ಗಳಿಗೆಗಳಿಗೆಗೂ ಬರುತ್ತಿದ್ದಿತು; ಮನ್ರೋನಿಗೆ ತನ್ನ ಕಡೆಯವರ ಸುದ್ದಿಯೇ ತಿಳಿಯದೆ ಹೋಯಿತು.

ಈ ಹಿರಿಮೆಯ ಜೊತೆಗೆ ಒಂದು ಕಹಿಯನ್ನೂ ಹೇಳದೆ ಬಿಡಲಾಗದು. ಅಂಚೆಯವರು ಕಾಗದ ಹೊರುವವರಷ್ಟೇ ಆಗಿರಲಿಲ್ಲ. ಪ್ರಜೆಗಳ ಮನೆಮಾತನ್ನು ಅರಮನೆಗೆ ಮುಟ್ಟಿಸುವ ಗೂಢಚಾರರೂ ಆಗಿದ್ದರು. ಶತ್ರುವಿನ ಕಡೆಗೆ ತೆರೆದ ಕಿವಿ ಸ್ವಂತ ಜನರ ಕಡೆಗೂ ತೆರೆದಿತ್ತು. ಸುದ್ದಿಯೊಂದರಿಂದಲೇ ಎಲ್ಲ ಯುದ್ಧಗಳನ್ನೂ ಗೆಲ್ಲಲಾಗುವುದಿಲ್ಲವೆಂಬುದೂ ನಿಜ. 1781ರ ಜುಲೈ 1ರಂದು ಪೋರ್ಟೋನೋವೋದಲ್ಲಿ ಐರ್ ಕೂಟನು ಹೈದರನನ್ನು ಸೋಲಿಸಿದನು.

ಅವನ ಅಂಚೆಗೆ ಕಡೆಯ ಪರೀಕ್ಷೆ ಒದಗಿದುದು ಅವನ ಮರಣದ ದಿನ. ಬೆನ್ನಹುಣ್ಣಿನಿಂದ ನರಳಿ ಹೈದರನು 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಶಿಬಿರದಲ್ಲಿ ಕಣ್ಣುಮುಚ್ಚಿದನು. ಮಗ ಟಿಪ್ಪುವು ದೂರದ ಮಲೆಯಾಳ ಸೀಮೆಯ ಪೊನ್ನಾನಿಯ ಬಳಿ ಯುದ್ಧದಲ್ಲಿದ್ದನು. ಸುದ್ದಿ ಹೊರಬಿದ್ದರೆ ಸೈನ್ಯ ಚೆದರುವ ಭಯ. ಪೂರ್ಣಯ್ಯ, ಕೃಷ್ಣರಾಯ ಮೊದಲಾದ ಅಧಿಕಾರಿಗಳು ಮರಣವನ್ನು ಮುಚ್ಚಿಟ್ಟರು. ದೇಹವನ್ನು ಪೆಟ್ಟಿಗೆಯಲ್ಲಿಟ್ಟು ಖಜಾನೆ ಸಾಗಿಸುವಂತೆ ಕೋಲಾರಕ್ಕೆ ಕಳುಹಿಸಿದರು. ಟಿಪ್ಪುವಿನ ತಮ್ಮನನ್ನು ಪಟ್ಟಕ್ಕೇರಿಸುವ ಒಳಸಂಚೊಂದು ತಲೆಯೆತ್ತಿ ಅಡಗಿತು. ಅಷ್ಟರಲ್ಲಿ ಓಲೆಯು ಬೆಟ್ಟ ಕಣಿವೆಗಳನ್ನು ದಾಟಿ ಓಡಿದ್ದಿತು. ಡಿಸೆಂಬರ್ 11ರಂದು ಅದು ಟಿಪ್ಪುವಿನ ಕೈಸೇರಿತು. ಮರುದಿನವೇ ಅವನ ದಂಡು ಪೂರ್ವಕ್ಕೆ ಹೊರಟಿತು. ಓದಲಾರದ ತಂದೆ ಬೆಳೆಸಿದ ಅಂಚೆಯು ನಾಲ್ಕೇ ದಿನಗಳಲ್ಲಿ ಮಗನಿಗೆ ರಾಜ್ಯವನ್ನು ಉಳಿಸಿಕೊಟ್ಟಿತು. ಆ ಅಂಚೆಯು ಮುಂದೆಯೂ ನಡೆದು, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಯಿತು.

ಈ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ನಮ್ಮಪ್ಪನ ನೆನಪಾಗುತ್ತದೆ. ಅವರು ಮಂಡಿಪೇಟೆಯಲ್ಲಿ ಹಮಾಲಿ. ಅಕ್ಷರ ಬಾರದು, ಯಾವ ಅಂಗಡಿಯ ಬಾಕಿ ಎಷ್ಟೆಂಬುದೆಲ್ಲ ತಲೆಯಲ್ಲಿದೆ. ಚೀಟಿ ಬಂದರೂ ಮೊಬೈಲಿಗೆ ಸಂದೇಶ ಬಂದರೂ ರಾತ್ರಿ ನನ್ನ ಮುಂದೆ ಹಿಡಿಯುತ್ತಾರೆ. ಮೊದಲ ವರ್ಷದ ಅಂಕಪಟ್ಟಿಯನ್ನು ಓದಿ ಹೇಳುವಾಗ ನಾನು ಒಂದು ವಿಷಯದ ಅಂಕವನ್ನು ನುಂಗಿಬಿಟ್ಟೆನು. ಅಪ್ಪ ತಲೆದೂಗಿ, ಆ ಕಾಗದವನ್ನು ಜೋಪಾನವಾಗಿ ಟ್ರಂಕಿನಲ್ಲಿಟ್ಟರು.

ಹೈದರನ ಬಳಿ ಹೊತ್ತು ಬರೆದ ಚೀಟಿಯಿತ್ತು, ಮುದ್ರೆಯಿತ್ತು, ಗೂಢಚಾರರಿದ್ದರು. ಆದರೂ ಕಡೆಗೆ ಅವನ ರಾಜ್ಯ ಉಳಿದುದು, ಸತ್ತ ಒಡೆಯನಿಗೂ ಮೋಸ ಮಾಡದ ನಾಲ್ಕಾರು ಮಂದಿಯಿಂದ. ನಮ್ಮಪ್ಪನ ಬಳಿ ಇರುವುದು ನನ್ನ ಮೇಲಿನ ನಂಬಿಕೆಯೊಂದೇ. ಈ ಬಾರಿಯ ಅಂಕಪಟ್ಟಿ ಬಂದಾಗ ಟ್ರಂಕಿನ ಹಳೆಯ ಕಾಗದವನ್ನೂ ಹೊರತೆಗೆದು, ಎರಡನ್ನೂ ಮೊದಲಿನಿಂದ ಕಡೆಯವರೆಗೆ ಓದಿ ಹೇಳಬೇಕೆಂದಿದ್ದೇನೆ.